ತಿಂಡಿಪೋತನೊಳಗಿನ ಪೋತ ಯಾರು?

ಯುಗಾದಿಯ ಮರುದಿನ ಮದ್ದೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಹೊಸತೊಡಕು. ಹಿಂದಿನ ದಿನ ಬೇವುಬೆಲ್ಲ, ಒಬ್ಬಟ್ಟು ಎಂದು ಸಾಧುವಾಗಿದ್ದ ಊರು ಅಂದು ಬೆಳಗಿನ ಜಾವಕ್ಕೇ ಎದ್ದು ಮಸಾಲೆ ಅರೆಯಲು ಕೂರುತ್ತದೆ. ಎಂಟು ಹತ್ತು ಮನೆಯವರು ದುಡ್ಡು ಸೇರಿಸಿ ಮರಿ ತಂದು, ಕೊಯ್ದು, ಬಾಳೆ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆ ಬಾಡು ಎಂದು ಅದರ ಹೆಸರು. ಬಂಡೂರು ಕುರಿಯೇ ಆಗಬೇಕು ಎಂದು ಎಲ್ಲರೂ ಹೇಳುತ್ತಾರೆ, ಬೆಲೆ ಕೇಳಿದ ಮೇಲೆ ಯಾವುದೋ ಒಂದನ್ನು ತರುತ್ತಾರೆ. ಆ ವರ್ಷ ನಮ್ಮ ಗುಂಪಿಗೆ ಸಿಕ್ಕಿದ್ದು ಗಡ್ಡ ಬಿಟ್ಟ ಒಂದು ಹೋತ. ಈ ಹೋತವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈಸೂರಿನಲ್ಲಿ ಓದುವ ಅಕ್ಕನ ಮಗ, ಒಂಬತ್ತು ವರ್ಷದವನು, ಬೆಳಿಗ್ಗೆ ನಾಲ್ಕು ದೋಸೆ ಮುಗಿಸಿ ಅಟ್ಟದ ಕೆಳಗಿದ್ದ ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ. ಡಬ್ಬದ ಮುಚ್ಚಳ ತೆಗೆದ ಸದ್ದು ಎಷ್ಟೇ ಸಣ್ಣದಿದ್ದರೂ ಅವ್ವನಿಗೆ ಕೇಳಿಸುತ್ತದೆ. ಒಲೆಯ ಕಡೆಯಿಂದ ತಿರುಗದೆಯೇ ಆಕೆ ಹೇಳಿದಳು: “ತಿಂಡಿಪೋತ, ಊಟಕ್ಕೆ ಒಂದಿಷ್ಟು ಜಾಗ ಉಳಿಸಿಕೋ.” ಹುಡುಗ ಮುರಿದ ಚಕ್ಕುಲಿ ಹಿಡಿದು ನೇರವಾಗಿ ನನ್ನ ಬಳಿ ಬಂದ. “ಮಾವ, ತಿಂಡಿ ಗೊತ್ತು. ಪೋತ ಎಂದರೆ ಏನು?”

ಬಾಲ್ಯವಿಡೀ ಇದೇ ಅಡುಗೆಮನೆಯಲ್ಲಿ ಇದೇ ಬಯ್ಗುಳ ಕೇಳಿ ಬೆಳೆದವನು ನಾನು. ಈಗ ಅದು ಸೋದರಳಿಯನ ಪಾಲಿಗೆ ಹೋಗಿದೆ. ಒಮ್ಮೆಯೂ ಅದನ್ನು ಬಿಡಿಸಿ ನೋಡಿರಲಿಲ್ಲ. ಊಟದ ಹೊತ್ತಿಗೆ ಅರ್ಧ ಉತ್ತರ ಹೊಳೆಯಿತು. ಉಳಿದರ್ಧಕ್ಕೆ ಮೈಸೂರಿಗೆ ಬಂದು ನಿಘಂಟುಗಳ ಮುಂದೆ ಕೂರಬೇಕಾಯಿತು.

ಮೊದಲು ಹುಡುಗ ‘ಗೊತ್ತು’ ಎಂದ ತಿಂಡಿಯಿಂದಲೇ ತೊಡಗುತ್ತೇನೆ, ಏಕೆಂದರೆ ಅದೂ ಅಷ್ಟು ಗೊತ್ತಿರುವ ಮಾತಲ್ಲ. ಮೈಸೂರು ಮಂಡ್ಯದವರಿಗೆ ತಿಂಡಿ ಎಂದರೆ ಬೆಳಗಿನ ಇಡ್ಲಿ ದೋಸೆ, ಸಂಜೆಯ ಕುರುಕಲು. ಧಾರವಾಡದ ಕಡೆ ಹೋಗಿ ‘ತಿಂಡಿ’ ಎಂದರೆ ಕೆಲವರು ಮೈ ಕೆರೆದುಕೊಳ್ಳುತ್ತಾರೆ, ಅಲ್ಲಿ ಅದಕ್ಕೆ ತುರಿಕೆ ಎಂಬ ಅರ್ಥವೂ ಇದೆ. ಕಾಲು ಕೆರೆದು ಜಗಳಕ್ಕೆ ಬರುವವನಿಗೂ ಅಲ್ಲಿ ತಿಂಡಿಯೇ. ಎರಡಕ್ಕೂ ಮೂಲ ‘ತಿನ್ನು’. ನವೆಯೂ ಮೈಯನ್ನು ತಿನ್ನುತ್ತದಲ್ಲ.

ಆದರೆ ಕನ್ನಡದಲ್ಲಿ ಹೊಟ್ಟೆಗೆ ಹಾಕಿಕೊಳ್ಳುವುದಕ್ಕೆ ತಿನ್ನು ಒಂದೇ ಇಲ್ಲ, ‘ಉಣ್ಣು’ ಇದೆ. ಅದರಿಂದ ಊಟ, ಉಣಿಸು. ನಮ್ಮ ಕೊಟ್ಟಿಗೆಯಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಕರು ತಾಯಿಯ ಹಾಲನ್ನು ಉಣ್ಣುತ್ತದೆ, ಅದೇ ಕರು ಬಲಿತ ಮೇಲೆ ಹುಲ್ಲನ್ನು ತಿನ್ನುತ್ತದೆ. ಮುದ್ದೆ ಉಣ್ಣುತ್ತೇವೆ, ಕಡಲೆಕಾಯಿ ತಿನ್ನುತ್ತೇವೆ. ಉಣ್ಣುವುದಕ್ಕೆ ಎಲೆ ಬೇಕು, ಬಡಿಸುವವರು ಬೇಕು, ಪಕ್ಕದಲ್ಲಿ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ತಿನ್ನುವುದಕ್ಕೆ ಕೈ ಬಾಯಿ ಸಾಕು, ನಿಂತೇ ಮುಗಿಸಬಹುದು. ಉಣ್ಣು ಎಂಬುದಕ್ಕೆ ಅನುಭವಿಸು ಎಂಬ ಅರ್ಥವೂ ಉಂಟು. ನೋವುಂಡ, ಮಾಡಿದ್ದನ್ನು ಉಂಡ ಎನ್ನುತ್ತೇವೆ. ಸಂಸ್ಕೃತದಲ್ಲೂ ಭೋಜನ, ಭೋಗ ಎರಡೂ ‘ಭುಜ್’ ಎಂಬ ಒಂದೇ ಧಾತುವಿನ ಮಕ್ಕಳು.

ಈಗ ನಮ್ಮ ಬಯ್ಗುಳಗಳನ್ನು ಒಂದು ಸಲ ನೋಡಿ. ಒದೆ ತಿಂದ, ಬಯ್ಗುಳ ತಿಂದ, ತಲೆ ತಿಂದ, ಲಂಚ ತಿಂದ. ಎಲ್ಲವೂ ತಿನ್ನುವುದೇ. ಉಣ್ಣುವುದರ ಮೇಲೆ ಕನ್ನಡಕ್ಕೆ ಅಷ್ಟು ಸಿಟ್ಟಿಲ್ಲ. ಎರಡು ಮುದ್ದೆ ಉಂಡವನನ್ನು ‘ಊಟಪೋತ’ ಎಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಮೂರನೆಯದನ್ನು ಉಂಡರೆ ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂದು ಬೆನ್ನು ತಟ್ಟುತ್ತಾರೆ. ಮಂಡ್ಯ ಸೀಮೆಯಲ್ಲಿ ಮುದ್ದೆ ಉಣ್ಣುವ ಸ್ಪರ್ಧೆಗೆ ಜನ ಸೇರುವುದು ಕುಸ್ತಿ ನೋಡಲು ಸೇರುವಂತೆಯೇ. ಊಟದ ಹೊತ್ತಿನಲ್ಲಿ ಎಷ್ಟಾದರೂ ಸರಿ, ಹೊತ್ತಲ್ಲದ ಹೊತ್ತಿನಲ್ಲಿ ಡಬ್ಬಕ್ಕೆ ಕೈ ಹಾಕಿದರೆ ಸಿಕ್ಕಿಬಿದ್ದ.

ಸರಿ, ಪೋತಕ್ಕೆ ಬರುತ್ತೇನೆ.

ಸಂಸ್ಕೃತ ಓದಿದವರು ತಟ್ಟನೆ ಹೇಳುವ ಉತ್ತರವೊಂದಿದೆ: ಪೋತ ಎಂದರೆ ಶಿಶು, ಪ್ರಾಣಿಯ ಮರಿ. ಅಮರಕೋಶದಲ್ಲಿ ಮಗುವಿನ ಹೆಸರುಗಳ ಸಾಲು ಶುರುವಾಗುವುದೇ ಪೋತ, ಪಾಕ, ಅರ್ಭಕ ಎಂದು. ದೋಣಿ ಎಂಬ ಅರ್ಥವೂ ಅದಕ್ಕಿದೆ. ಹಾಗಾದರೆ ತಿಂಡಿಪೋತ ಎಂದರೆ ತಿಂಡಿಯ ಮರಿ, ತಿಂಡಿ ಕೇಳುವ ಕೂಸು. ಕೇಳಲು ಮುದ್ದಾಗಿದೆ. ಅವ್ವನ ದನಿಗೂ ಒಪ್ಪುತ್ತದೆ. ಆದರೆ ಐವತ್ತು ವರ್ಷದ, ಮೀಸೆ ನರೆತ ತಿಂಡಿಪೋತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದೂ ಅಲ್ಲದೆ ಈ ಪದಕ್ಕೆ ನೆರೆಮನೆಯಲ್ಲಿ ಒಡಹುಟ್ಟಿದವರಿದ್ದಾರೆ, ಅವರನ್ನು ನೋಡಿದರೆ ಕೂಸಿನ ಕಥೆ ನಿಲ್ಲುವುದಿಲ್ಲ.

ನೆರೆಮನೆ ಎಂದರೆ ತೆಲುಗು. ಅಲ್ಲಿ ಹೊಟ್ಟೆಬಾಕನಿಗೆ ‘ತಿಂಡಿಪೋತು’ ಎನ್ನುತ್ತಾರೆ. ಕುಡುಕ ‘ತಾಗುಬೋತು’, ಊರೂರು ಅಲೆಯುವವನು ‘ತಿರುಗುಬೋತು’, ಬಾಯಿ ಮುಚ್ಚದವನು ‘ವದರುಬೋತು’, ಸೊಕ್ಕಿನವನು ‘ಪೊಗರುಬೋತು’, ಸದಾ ಮಲಗುವವನು ‘ನಿದ್ರಪೋತು’. ಒಂದು ಚಟಕ್ಕೆ ಒಬ್ಬೊಬ್ಬ ಪೋತು. ಇದೇ ಪೋತು ತೆಲುಗಿನಲ್ಲಿ ಗಂಡು ಪ್ರಾಣಿಯ ಹೆಸರೂ ಹೌದು: ‘ದುನ್ನಪೋತು’ ಎಂದರೆ ಕೋಣ, ‘ಮೇಕಪೋತು’ ಎಂದರೆ ಗಂಡು ಮೇಕೆ. ಕುಡುಕನನ್ನು ಕುಡಿಯುವ ಶಿಶು ಎಂದು ಯಾರೂ ಕರೆಯುವುದಿಲ್ಲ. ಕುಡಿಯುವ ಕೋಣ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಈ ಪೋತು ತೆಲುಗರ ಸ್ವಂತ ಆಸ್ತಿಯಲ್ಲ. ದ್ರಾವಿಡ ಭಾಷೆಗಳ ಹಳೆಯ ಮಾತು ಅದು. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂನಲ್ಲಿ ಗಂಡು ಪ್ರಾಣಿಗಳ ಹೆಸರುಗಳನ್ನು ಸಾಲಾಗಿ ಹೇಳುವ ಸೂತ್ರವಿದೆ. ಅದರಲ್ಲಿ ‘ಪೋತ್ತು’ ಇದೆ, ಅದರ ಜೊತೆಯಲ್ಲೇ ನಮ್ಮ ಟಗರಿನ ದಾಯಾದಿ ‘ತಕರ್’ ಕೂಡ ಇದೆ. ಹಾಗಾದರೆ ಕನ್ನಡದ ಪೋತು ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ಅದು ಹೋತವಾಗಿದೆ.

ಇದನ್ನು ನಂಬಬೇಕಾದರೆ ಕನ್ನಡದ ಒಂದು ಹಳೆಯ ಅಭ್ಯಾಸ ತಿಳಿದಿರಬೇಕು. ಹಳಗನ್ನಡದಲ್ಲಿ ಪಕಾರದಿಂದ ಶುರುವಾಗುತ್ತಿದ್ದ ಅಚ್ಚಗನ್ನಡ ಮಾತುಗಳು ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಹಕಾರಕ್ಕೆ ತಿರುಗಿದವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ನಮ್ಮ ಮದ್ದೂರು ತಾಲ್ಲೂಕಿನಲ್ಲೇ ಇದಕ್ಕೆ ಸಾಕ್ಷಿ ಹೇಳುವ ಕಲ್ಲೊಂದಿತ್ತು. ಆತಕೂರಿನ ಶಾಸನ. ಕ್ರಿ.ಶ. 949–50ರ ಕಾಲದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತ ಕಥೆ ಅದರಲ್ಲಿದೆ. ನಾಯಿಗೆ ಕಲ್ಲು ನೆಟ್ಟ ಊರು ಎಂದು ಎಲ್ಲರೂ ಮೆಚ್ಚುತ್ತಾರೆ, ಮೆಚ್ಚಲಿ. ನನ್ನ ಕಣ್ಣಿಗೆ ಬಿದ್ದದ್ದು ಹಂದಿ. ಕಲ್ಲಿನ ಮೇಲೆ ಅದು ಹಂದಿಯಲ್ಲ, ‘ಪನ್ದಿ’. ದೊಡ್ಡದು ಎನ್ನಲು ಬಳಸಿದ ಮಾತು ‘ಪಿರಿಯ’. ಹತ್ತನೆಯ ಶತಮಾನದ ನಡುಭಾಗದಲ್ಲಿ ನಮ್ಮ ತಾಲ್ಲೂಕಿನ ಜನಕ್ಕೆ ಅದು ಪಿರಿಯ ಪನ್ದಿ. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಈ ಪಕಾರ ಮೆಲ್ಲಗೆ ಸಡಿಲಗೊಂಡು ಹಕಾರವಾಯಿತು. ಅದೇ ದಾರಿಯಲ್ಲಿ ಪೋತು ಹೋತವಾಯಿತು.

ಇಲ್ಲಿ ತೊಡಕು ಶುರುವಾಗುತ್ತದೆ. ಪನ್ದಿ ಹಂದಿಯಾದ ಮೇಲೆ, ಪೋತು ಹೋತವಾದ ಮೇಲೆ, ತಿಂಡಿಪೋತ ಮಾತ್ರ ಏಕೆ ಪಕಾರವನ್ನು ಬಿಗಿಯಾಗಿ ಹಿಡಿದು ಕುಳಿತಿದೆ? ಅದರ ಜೊತೆಗಾರನನ್ನೇ ನೋಡಿ: ಹೊಟ್ಟೆಬಾಕ. ತೆಲುಗಿನಲ್ಲಿ ಹೊಟ್ಟೆಗೆ ‘ಪೊಟ್ಟ’ ಎನ್ನುತ್ತಾರೆ. ನಮ್ಮಲ್ಲಿ ಅದು ನಿಯಮದಂತೆ ಹೊಟ್ಟೆ. ಒಂದೇ ಅರ್ಥದ ಎರಡು ಬಯ್ಗುಳ, ಒಂದರಲ್ಲಿ ಪಕಾರ ಕರಗಿದೆ, ಇನ್ನೊಂದರಲ್ಲಿ ಕರಗಿಲ್ಲ. ಸಮಾಸದೊಳಗೆ ಅವಿತಿದ್ದರಿಂದ ಬದುಕಿಕೊಂಡಿತು ಎನ್ನೋಣವೆಂದರೆ ಅದಕ್ಕೂ ಕನ್ನಡದಲ್ಲಿ ಬೇರೆ ಏರ್ಪಾಡಿದೆ. ಎರಡನೆಯ ಪದದ ಮೊದಲಿನ ಪಕಾರ ಸಾಮಾನ್ಯವಾಗಿ ಬಕಾರವಾಗುತ್ತದೆ. ಕಣ್ಣಿನ ಪನಿ ಕಂಬನಿಯಾದದ್ದು ಹೀಗೆ, ಶಾಲೆಯಲ್ಲಿ ಆದೇಶಸಂಧಿ ಎಂದು ಬಾಯಿಪಾಠ ಮಾಡಿಸಿದ್ದು ಇದನ್ನೇ. ನಮ್ಮದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದರೆ ‘ತಿಂಡಿಬೋತ’ ಆಗಬೇಕಿತ್ತು, ಇಲ್ಲವೇ ‘ತಿಂಡಿಹೋತ’.

ಇನ್ನೊಂದು ಸುಳಿವು ತಿಂಡಿಯಲ್ಲೇ ಇದೆ. ತೆಲುಗಿನಲ್ಲಿ ತಿಂಡಿ ಎಂದರೆ ಬರೀ ಉಪಾಹಾರವಲ್ಲ, ಅನ್ನ ಆಹಾರ ಎಲ್ಲವೂ. ಅಲ್ಲಿಯ ತಿಂಡಿಪೋತು ಊಟವನ್ನೂ ಬಿಡುವವನಲ್ಲ. ನಮ್ಮಲ್ಲಿ ಆ ಪದ ಬಂದು ಇಳಿದ ಮೇಲೆ ನಮ್ಮ ತಿಂಡಿಯ ಅಳತೆಗೆ ಕುಗ್ಗಿ, ಚಕ್ಕುಲಿ ಡಬ್ಬದ ಪಕ್ಕ ನಿಂತಿತು. ಇವೆಲ್ಲವನ್ನೂ ಕೂಡಿಸಿದರೆ ನನ್ನ ತೀರ್ಮಾನ ಇದು: ಪೋತು ನಮ್ಮದೇ ರಕ್ತ, ಆದರೆ ತಿಂಡಿಪೋತ ಮಾತ್ರ ತೆಲುಗಿನ ಮನೆಯಲ್ಲಿ ಬೆಳೆದು ನಮ್ಮ ಮನೆಗೆ ಬಂದವನು. ಬರಲು ದಾರಿಯೇನೂ ದೂರವಿರಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿಯುವವರೆಗೂ ಅಲ್ಲಿ ಕುಳಿತಿದ್ದವರು ವಿಜಯನಗರದ ಪ್ರತಿನಿಧಿಗಳು. ಮೈಸೂರಿನ ಅರಮನೆಯಲ್ಲಿ ತೆಲುಗು ಕೃತಿಗಳನ್ನು ಹಾಡುತ್ತಿದ್ದರು, ಕೇಳುತ್ತಿದ್ದರು. ಹಾಡು ಬಂದ ದಾರಿಯಲ್ಲಿ ಬಯ್ಗುಳವೂ ಬರುತ್ತದೆ, ಬಯ್ಗುಳಕ್ಕೆ ರಾಗ ತಾಳ ಬೇಡದ ಕಾರಣ ಇನ್ನೂ ಬೇಗ ಬರುತ್ತದೆ.

ಬಂದವನು ಎಷ್ಟು ಚೆನ್ನಾಗಿ ನಮ್ಮವನಾದ ಎಂದರೆ, ಒಳಗಿನ ಪ್ರಾಣಿ ಪೂರ್ತಿ ಮರೆತುಹೋಯಿತು. ತೆಲುಗಿನ ಉಕಾರ ಬಿಟ್ಟು ‘ಅವನು’ ಎನ್ನುವಂಥ ಪುಲ್ಲಿಂಗ ರೂಪ ತಾಳಿದ. ಆಮೇಲೆ ಅವನಿಗೆ ‘ತಿಂಡಿಪೋತಿ’ ಎಂಬ ಜೋಡಿಯೂ ಹುಟ್ಟಿತು. ಗಂಡು ಪ್ರಾಣಿಗೆ ಹೆಣ್ಣುರೂಪ! ಹೆಣ್ಣು ಹೋತವನ್ನು ಯಾವ ಸಂತೆಯಲ್ಲಿ ಕೊಳ್ಳುವುದು? ಪದದ ಹೊಟ್ಟೆಯಲ್ಲಿ ಏನಿದೆ ಎಂದು ನೆನಪಿದ್ದವರು ಇಂಥ ರೂಪ ಕಟ್ಟುತ್ತಿರಲಿಲ್ಲ.

ಮೈಸೂರಿನವನಾಗಿ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚಾಮುಂಡಿಬೆಟ್ಟದ ಮೇಲೆ ಕತ್ತಿ ಹಾವು ಹಿಡಿದು ನಿಂತ ಮಹಿಷಾಸುರನ ಮುಂದೆ ಫೋಟೊ ತೆಗೆಸಿಕೊಳ್ಳದ ಪ್ರವಾಸಿಗನಿಲ್ಲ. ಮಹಿಷ ಎಂದರೆ ಕೋಣ. ಮಹಿಷೂರು ಮೈಸೂರಾಯಿತು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಊರಿನ ಹೆಸರಿನಲ್ಲಿ ಕೋಣ ಇದ್ದರೆ ಗೌರವ, ಮನುಷ್ಯನ ಹೆಸರಿನಲ್ಲಿ ಇದ್ದರೆ ಬಯ್ಗುಳ.

ಈಗ ಹೊಟ್ಟೆಬಾಕ. ಈ ಬಾಕ ಬಕಾಸುರನೇ ಎಂದು ಹಲವರು ನಂಬುತ್ತಾರೆ. ನಂಬಲು ನಮ್ಮ ಕಡೆ ವಾತಾವರಣವೂ ಇದೆ. ಪಾಂಡವಪುರದ ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಂದಿಗೆ ಇದ್ದರು ಎಂಬ ಐತಿಹ್ಯವಿದೆ, ಊರಿನ ಹೆಸರೂ ಅದನ್ನೇ ಹೇಳುತ್ತದೆ. (ಬ್ರಿಟಿಷರ ಕಾಲದಲ್ಲಿ ಅದು ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡಿತ್ತು ಎಂಬುದನ್ನು ಬಸ್ಸಿನಲ್ಲಿ ಹೇಳಿದರೆ ಈಗ ಯಾರೂ ನಂಬುವುದಿಲ್ಲ.) ಬಕಾಸುರನ ಏಕಚಕ್ರನಗರ ತಮ್ಮದೇ ಎಂದು ಹೇಳಿಕೊಳ್ಳುವವರು ಮಾತ್ರ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದವರು. ಇರಲಿ. ಕಥೆಯಲ್ಲಿ ಅವನ ದಿನದ ಪಡಿ ಒಂದು ಬಂಡಿ ಅನ್ನ, ಎರಡು ಕೋಣ, ತಂದುಕೊಟ್ಟ ಮನುಷ್ಯ. ನೋಡಿ, ಇಲ್ಲಿಯೂ ಕೋಣ ತಪ್ಪಲಿಲ್ಲ. ಇನ್ನೂ ಸೊಗಸಾದದ್ದು ಏನೆಂದರೆ, ಅವನನ್ನು ಕೊಲ್ಲಲು ಹೋದ ಭೀಮನ ಇನ್ನೊಂದು ಹೆಸರು ವೃಕೋದರ, ಅಂದರೆ ತೋಳದ ಹೊಟ್ಟೆಯವನು. ರಾಕ್ಷಸನ ಎದುರಿಗೇ ಕುಳಿತು ಅವನ ಬಂಡಿ ಅನ್ನವನ್ನು ತಾನೇ ಬಾರಿಸಿದವನು. ಒಬ್ಬ ತಿಂದರೆ ಅಸುರ, ಇನ್ನೊಬ್ಬ ಉಂಡರೆ ವೀರ.

ಆದರೂ ಬಾಕ ಬಕನಲ್ಲ ಎಂಬುದೇ ನನ್ನ ವಾದ. ಬಕ ಎಂದರೆ ಕೊಕ್ಕರೆ, ಬಕಧ್ಯಾನದಲ್ಲಿ ಒಂಟಿ ಕಾಲಲ್ಲಿ ನಿಂತಿರುವುದು ಅದೇ. ಅಲ್ಲಿ ಬಕಾರ ಹ್ರಸ್ವ. ಕನ್ನಡದ ಕಿವಿ ಹ್ರಸ್ವ ದೀರ್ಘಗಳನ್ನು ಅಷ್ಟು ಸುಲಭವಾಗಿ ಬೆರೆಸುವುದಿಲ್ಲ, ಬಳೆ ಕೇಳಿದವಳಿಗೆ ಬಾಳೆ ತಂದುಕೊಟ್ಟು ನೋಡಿ. ಬಾಕ ಎಂಬುದು ಸ್ವತಂತ್ರವಾಗಿ ಆಸೆಬುರುಕ, ಎಷ್ಟಿದ್ದರೂ ಸಾಲದವನು ಎಂದು ಕನ್ನಡದಲ್ಲಿ ನಡೆದುಬಂದ ಮಾತು. ಬಕಾಸುರ ಆಮೇಲೆ ಬಂದು ಅದರ ಮೇಲೆ ತನ್ನ ನೆರಳು ಚೆಲ್ಲಿದ್ದಾನೆ.

ಪೋತನಿಗೂ ಬಾಕನಿಗೂ ಇರುವ ನಿಜವಾದ ವ್ಯತ್ಯಾಸ ಮೂಲದಲ್ಲಿಲ್ಲ, ಆಮೇಲಿನ ಬಾಳಿನಲ್ಲಿದೆ. ಪೋತ ತಿಂಡಿಯನ್ನು ಬಿಟ್ಟು ಬೇರೆ ಪದಕ್ಕೆ ಅಂಟಲಿಲ್ಲ. ತೆಲುಗಿನಲ್ಲಿ ಅಷ್ಟೊಂದು ಪೋತುಗಳಿದ್ದರೂ ನಾವು ತಂದುಕೊಂಡದ್ದು ಒಂದನ್ನೇ. ನಮ್ಮ ನಿದ್ದೆಬುರುಕ, ಅಳುಬುರುಕ, ಅಂಜುಬುರುಕರು ಆಗಲೇ ಜಾಗ ಹಿಡಿದಿದ್ದರು. ಹಾಗಾಗಿ ತಿಂಡಿಪೋತ ಅಡುಗೆಮನೆಯಲ್ಲೇ ಉಳಿದ. ಅಜ್ಜಿ ಮೊಮ್ಮಗನಿಗೆ, ಹೆಂಡತಿ ಗಂಡನಿಗೆ, ಗೆಳತಿ ಗೆಳತಿಗೆ ಹೇಳುವ ಮಾತು. ಹೇಳುತ್ತಲೇ ಇನ್ನೊಂದು ನಿಪ್ಪಟ್ಟು ಕೈಗಿಡುವ ಮಾತು.

ಬಾಕ ಮಾತ್ರ ಮನೆಯಿಂದ ಹೊರಟು ಪತ್ರಿಕೆ ಕಚೇರಿ ಸೇರಿದ. ಹಣಬಾಕ, ಅಧಿಕಾರಬಾಕ, ಯುದ್ಧಬಾಕ. ಅವನ ಅತಿ ದೊಡ್ಡ ಸಾಧನೆ ‘ಕೊಳ್ಳುಬಾಕ’. ಬೇಕಿರಲಿ ಬೇಡದಿರಲಿ ಕೊಳ್ಳುತ್ತಲೇ ಇರುವ ಈ ಕಾಲದ ರೋಗಕ್ಕೆ ಕನ್ನಡದ ಬರಹಗಾರರು ಹೆಸರು ಹುಡುಕಿದಾಗ ಹೊಟ್ಟೆಬಾಕನ ಹೊಟ್ಟೆಯನ್ನು ಕಿತ್ತು ಆ ಜಾಗಕ್ಕೆ ‘ಕೊಳ್ಳು’ ಹಾಕಿದರು. ಕೊಳ್ಳುಬಾಕ ಸಂಸ್ಕೃತಿ ಎಂದರೆ ಈಗ ಪಿಯುಸಿ ಹುಡುಗರೂ ಪ್ರಬಂಧ ಬರೆಯುತ್ತಾರೆ. ಹೊಸದಾಗಿ ಕಟ್ಟಿದ ಪದಗಳಲ್ಲಿ ಇಷ್ಟು ಸಲೀಸಾಗಿ ನಾಲಿಗೆಗೆ ಹತ್ತಿದ್ದು ಕಡಿಮೆ. ಕಾರಣ, ಅದರಲ್ಲಿ ಒಂದು ಚಿತ್ರವಿದೆ: ಅಂಗಡಿಯ ಮುಂದೆ ಬಾಯಿ ತೆರೆದು ಕುಳಿತ ಹೊಟ್ಟೆ.

ಹಾಗೆ ನೋಡಿದರೆ ನಮ್ಮ ಸಾರ್ವಜನಿಕ ಜೀವನದ ಶಬ್ದಕೋಶದ ಬಹುಪಾಲು ಊಟದ ಮನೆಯಿಂದ ಎತ್ತಿಕೊಂಡು ಹೋದದ್ದೇ. ಕಬಳ ಎಂದರೆ ತುತ್ತು. ಕಬಳಿಸು ಎಂದರೆ ಒಂದೇ ತುತ್ತಿಗೆ ಇಳಿಸು. ಈಗ ಅದು ಕೆರೆಯಂಗಳಕ್ಕೂ ಗೋಮಾಳಕ್ಕೂ ಸಲ್ಲುತ್ತದೆ, ಎಷ್ಟರಮಟ್ಟಿಗೆ ಎಂದರೆ ಕರ್ನಾಟಕ ಭೂಕಬಳಿಕೆ ನಿಷೇಧ ಅಧಿನಿಯಮ, 2011 ಎಂದು ಕಾನೂನಿನ ಹೆಸರಿನಲ್ಲೇ ತುತ್ತು ಕುಳಿತಿದೆ. ಕಡತ ನುಂಗಿದರು, ಅನುದಾನ ಗುಳುಂ ಮಾಡಿದರು ಎಂದು ತಲೆಬರಹ ಓದುತ್ತೇವೆ. ಮುದ್ದೆಯನ್ನು ಅಗಿಯದೆ ನುಂಗುವ ಸೀಮೆಯವರಿಗೆ ಈ ನುಂಗುವಿಕೆಯ ವೇಗ ಬೇಗ ಅರ್ಥವಾಗುತ್ತದೆ. ಲಂಚಕೋರ, ಲಾಭಕೋರ ಎಂಬಲ್ಲಿಯ ‘ಕೋರ’ ಕೂಡ ಪಾರಸಿಯ ‘ಖೋರ್’, ಅಂದರೆ ತಿನ್ನುವವನು. ಉರ್ದುವಿನ ರಿಶ್ವತ್‌ಖೋರ್ ನಮ್ಮ ಲಂಚಕೋರನ ಅವಳಿ. ಕಾಲಕ್ರಮದಲ್ಲಿ ಈ ಕೋರನೂ ತಿನ್ನುವುದನ್ನು ಮರೆತಿದ್ದಾನೆ, ಇಲ್ಲದಿದ್ದರೆ ದಂಗೆಕೋರ ಎಂಬ ಪದ ಹುಟ್ಟುತ್ತಿರಲಿಲ್ಲ. ದಂಗೆಯನ್ನು ಯಾರು ತಿಂದಾರು?

ಬೇರೆ ಭಾಷೆಗಳು ಈ ತಪ್ಪನ್ನು ಯಾರ ತಲೆಗೆ ಕಟ್ಟುತ್ತವೆ ಎಂಬುದೂ ನೋಡುವಂತಿದೆ. ಇಂಗ್ಲಿಷಿನ ಗ್ಲಟನ್ ಲ್ಯಾಟಿನ್ನಿನ ‘ನುಂಗು’ ಎಂಬ ಕ್ರಿಯೆಯಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಈ ಪಾಪದ ಹೆಸರು ‘ಗುಲಾ’, ಅಂದರೆ ಗಂಟಲು. ಅವರದೇ ಇನ್ನೊಂದು ಪದ ‘ಕ್ರಾಪುಲಾ’, ಗ್ರೀಕ್ ಮೂಲದ್ದು. ಕಂಠಮಟ್ಟ ಕುಡಿದ ಮರುದಿನದ ತಲೆನೋವು, ಓಕರಿಕೆ ಎಲ್ಲವೂ ಅದರಲ್ಲಿ ಅಡಕ. ಅದರಿಂದ ಇಂಗ್ಲಿಷಿಗೆ ಕ್ರ್ಯಾಪ್ಯುಲಸ್ ಎಂಬ ವಿಶೇಷಣ ಬಂದಿದೆ, ತಿಂದು ಕುಡಿದು ಕೆಟ್ಟವನಿಗೆ ಅನ್ವಯಿಸುತ್ತದೆ. ತಪ್ಪಿಗಿಂತ ತಪ್ಪಿನ ಮರುದಿನಕ್ಕೆ ಹೆಸರಿಟ್ಟದ್ದು ನನಗೆ ಹಿಡಿಸಿತು. ತಮಿಳರು ತಪ್ಪನ್ನು ಪಾಪ ರಾಮನ ಮೇಲೆ ಹಾಕಿ ‘ಸಾಪ್ಪಾಟ್ಟು ರಾಮನ್’ ಎನ್ನುತ್ತಾರೆ. ಸಂಸ್ಕೃತ ಎಲ್ಲರಿಗಿಂತ ಕಟುವಾಗಿದೆ. ಅಮರಕೋಶ ‘ಕುಕ್ಷಿಂಭರಿ’ಯನ್ನು ‘ಆತ್ಮಂಭರಿ’ಯ ಜೊತೆಗಿಟ್ಟು, ಎರಡಕ್ಕೂ ತನ್ನ ಹೊಟ್ಟೆಯನ್ನು ಮಾತ್ರ ತುಂಬಿಕೊಳ್ಳುವವನು ಎಂದು ಒಂದೇ ಅರ್ಥ ಹೇಳುತ್ತದೆ. ಎಷ್ಟು ತಿಂದ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಯಾರಿಗೂ ಕೊಡದೆ ತಿಂದ ಎಂಬುದೇ ದೂರು.

ಎಷ್ಟು ತಿಂದರೆ ಅತಿ ಎಂಬುದಕ್ಕೆ ಅಳತೆ ಕೊಟ್ಟವರು ವೈದ್ಯರು. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡಕ್ಕೆ ಅನ್ನ, ಒಂದಕ್ಕೆ ನೀರು, ಒಂದನ್ನು ಗಾಳಿಗೆ ಬಿಡು ಎಂದು ವಾಗ್ಭಟ ಹೇಳಿದ್ದಾನೆ. ಬೀಗರ ಊಟದಲ್ಲಿ ಇದನ್ನು ಪಾಲಿಸಿದವರನ್ನು ನಾನಂತೂ ನೋಡಿಲ್ಲ. ಪಾಲಿಸದವರಿಗೆ ಸಿಗುವುದು ಅಜೀರ್ಣ, ಈ ಪದವೂ ಬಿಡಿಸಿ ನೋಡತಕ್ಕದ್ದು. ಜೀರ್ಣ ಎಂದರೆ ಮೊದಲ ಅರ್ಥದಲ್ಲಿ ಹಳೆಯದಾದದ್ದು, ಸವೆದದ್ದು. ದೇವಸ್ಥಾನದ ಜೀರ್ಣೋದ್ಧಾರ ಎನ್ನುವಾಗ ಇರುವುದು ಇದೇ ಜೀರ್ಣ. ಹೊಟ್ಟೆಯಲ್ಲಿ ಅನ್ನ ಸವೆದು ಇಲ್ಲವಾಗುವುದೂ ಪಾಳುಗುಡಿಯ ಗೋಡೆ ಕರಗುವುದೂ ಒಂದೇ ಮಾತು. ಅಜೀರ್ಣ ಎಂದರೆ ಮುಪ್ಪಾಗಲು ಒಪ್ಪದ ಅನ್ನ. ಮಗುವಿನ ಹೊಟ್ಟೆ ಸವರುತ್ತ ‘ವಾತಾಪಿ ಜೀರ್ಣೋ ಭವ’ ಎನ್ನುವಾಗ ನಮ್ಮ ಹೆಂಗಸರು ಹೇಳುವುದು ಅಗಸ್ತ್ಯರ ಮಾತನ್ನು. ಮೇಕೆಯಾಗಿಯೋ ಟಗರಾಗಿಯೋ ಬೆಂದು ಊಟದ ಜೊತೆ ಹೊಟ್ಟೆ ಸೇರಿದ ರಾಕ್ಷಸನಿಗೆ ಮುನಿ ಹೇಳಿದ್ದು ‘ಸವೆದುಹೋಗು’ ಎಂದು. ಕನ್ನಡದ ಸ್ವಂತ ಮಾತು ಅರಗು. ಅನ್ನ ಅರಗಬೇಕು, ಓದಿದ್ದೂ ಅರಗಬೇಕು.

ಇಷ್ಟೆಲ್ಲವನ್ನೂ ಆ ಹೊಸತೊಡಕಿನ ಮಧ್ಯಾಹ್ನ ಹುಡುಗನಿಗೆ ಹೇಳಲಾಗುತ್ತಿರಲಿಲ್ಲ. ಎಲೆ ಹಾಕಿ ಆಗಿತ್ತು. ಅವ್ವ ಬಿಸಿ ಮುದ್ದೆಯನ್ನು ನೀರು ಮುಟ್ಟಿಸಿದ ಕೈಯಲ್ಲಿ ಉರುಟು ಮಾಡಿ ಇಟ್ಟಳು, ಪಕ್ಕಕ್ಕೆ ಸಾರು ಬಿಟ್ಟಳು. ಚಕ್ಕುಲಿ ತಿಂದ ಗುರುತೇ ಇಲ್ಲದಂತೆ ಹುಡುಗ ಮೊದಲ ತುತ್ತು ಮುರಿದು ಸಾರಿನಲ್ಲಿ ಅದ್ದಿದ. ಗೊತ್ತಿದ್ದಷ್ಟನ್ನು ಚುಟುಕಾಗಿ ಹೇಳಿದೆ: ಪೋತ ಎಂದರೆ ಹಳೆಯ ಕಾಲದ ಹೋತ, ಬೆಳಿಗ್ಗೆ ನೋಡಿದೆಯಲ್ಲ, ಅದೇ.

ಅವನು ಎಲೆಯಲ್ಲಿದ್ದ ತುಂಡನ್ನು ನೋಡಿದ, ನನ್ನನ್ನು ನೋಡಿದ.

“ಹಾಗಾದರೆ ಈಗ ಹೋತವೇ ಹೋತವನ್ನು ತಿನ್ನುತ್ತಿದೆಯೇ ಮಾವ?”

ಉತ್ತರ ನಾನು ಕೊಡಬೇಕಾಗಲಿಲ್ಲ. ಇನ್ನರ್ಧ ಮುದ್ದೆಯನ್ನು ಅವನ ಎಲೆಗೆ ಇಡುತ್ತ ಅವ್ವ ಹೇಳಿದಳು: “ಯಾರು ತಿನ್ನುತ್ತಿದ್ದಾರೆ? ಮಗು ಉಣ್ಣುತ್ತಿದೆ. ಉಣ್ಣುವ ಹೊತ್ತಿನಲ್ಲಿ ಅದರ ತಲೆ ತಿನ್ನಬೇಡ.”